ಹರಳಿನೊಳಗೆ ಒಂದು ಚಿಟಿಕೆ ಸಂಡೂರು

ಕಂಪ್ಲಿಯ ಒಂದು ರೈಸ್‌ಮಿಲ್ಲಿನ ಅಂಗಳದಲ್ಲಿ ಭತ್ತ ಹೇರಿದ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು. ಗುಮಾಸ್ತ ಹುಡುಗ ಒಂದು ಚೀಲಕ್ಕೆ ಚೂಪು ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದ. ಅದನ್ನು ತೇವಾಂಶದ ಮೀಟರಿನ ಬಟ್ಟಲಿಗೆ ಸುರಿದು, ಮುಚ್ಚಳ ಬಿಗಿದು, ಗುಂಡಿ ಒತ್ತಿದ. "ಹದಿನೆಂಟೂವರಿ ಬಂತ್ ನೋಡ್ರಿ ಯಜಮಾನ್ರ. ಇನ್ನೊಂದ್ ದಿನ ಬಿಸ್ಲಿಗೆ ಹಾಕ್ಕೊಂಡ್ ಬರ್ರಿ." ಸರ್ಕಾರದ ಖರೀದಿಗೆ ಭತ್ತದ ತೇವ ಶೇಕಡಾ 17 ಮೀರುವಂತಿಲ್ಲ. ಯಜಮಾನರು ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದರು. "ಏನ್ ಮಿಷಿನ್ ತಮ್ಮಾ ಇದು! ಕಡದ್ ನೋಡು, ಕಟ್ ಅಂತೈತಿ."

ಇಬ್ಬರದೂ ಪರೀಕ್ಷೆಯೇ. ಹಲ್ಲು ಕಾಳಿನ ಗಟ್ಟಿತನ ನೋಡುತ್ತದೆ. ಮೀಟರು ನೋಡುವುದು ಬೇರೆಯದನ್ನು. ಬಟ್ಟಲಿನ ಒಳಗೆ ಎದುರುಬದುರು ಎರಡು ಲೋಹದ ಮೈಗಳಿವೆ, ಅವುಗಳ ನಡುವೆ ಕಾಳು. ಲೋಹಗಳಿಗೆ ಹಿಂದೆಮುಂದೆ ಆಡುವ ಸಣ್ಣ ವಿದ್ಯುತ್ ಕೊಟ್ಟರೆ ಕಾಳಿನೊಳಗಿನ ನೀರಿನ ಅಣುಗಳು ಆ ತಾಳಕ್ಕೆ ಮಗ್ಗಲು ಬದಲಿಸುತ್ತವೆ. ಒಣ ಕಾಳು ಅಷ್ಟಾಗಿ ಅಲುಗುವುದಿಲ್ಲ. ಎಷ್ಟು ಅಲುಗಾಟ ಇದೆಯೋ ಅಷ್ಟು ನೀರಿದೆ. ತಾಳ ಇನ್ನೂ ಚುರುಕಾದರೆ ಅಣುಗಳು ಹಿಂದೆ ಬೀಳುತ್ತವೆ, ಅಕ್ಕಪಕ್ಕದವನ್ನು ತಳ್ಳಾಡುತ್ತವೆ, ಮೈ ಬಿಸಿಯಾಗುತ್ತದೆ. ಅಡುಗೆಮನೆಯ ಮೈಕ್ರೋವೇವ್ ಓವನ್‌ನಲ್ಲಿ ಸೆಕೆಂಡಿಗೆ 245 ಕೋಟಿ ಸಲ ಆಡುವ ಅಲೆ ಸಾರನ್ನು ಬಿಸಿಮಾಡುವುದು ಹೀಗೆಯೇ. ವಿದ್ಯುತ್ ಹರಿಯಗೊಡದ ವಸ್ತುವಿನಲ್ಲೂ ಅಲೆಯ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಇದಕ್ಕೆ ಡೈಎಲೆಕ್ಟ್ರಿಕ್ ನಷ್ಟ ಎಂದು ಹೆಸರು.

ಓವನ್‌ಗೆ ಈ ನಷ್ಟವೇ ಲಾಭ. ಆದರೆ ಇದನ್ನು ನೂರು ಕೋಟಿಯಲ್ಲಿ ಒಂದು ಪಾಲಿನ ಮಟ್ಟಕ್ಕೆ ಇಳಿಸಲು ಜೀವಮಾನ ಸವೆಸಿದವರಿದ್ದಾರೆ. ಅವರ ಕೈಯಲ್ಲಿರುವುದು ಆಕ್ಸೈಡ್ ಹರಳುಗಳು. ಆ ಹರಳುಗಳ ಸುದ್ದಿಗೂ ನಮ್ಮ ಈ ಕೆಂಪು ಮಣ್ಣಿಗೂ ನೆಂಟಸ್ತಿಕೆಯಿದೆ ಎಂದು ಗೊತ್ತಾದ ದಿನದಿಂದ ಸಂಡೂರಿನ ರಸ್ತೆಯ ಧೂಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ.

ಮೊದಲು ಹಂಪಿಗೆ ಹೋಗೋಣ. ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ಸಪ್ತಸ್ವರ ಕಂಬಗಳನ್ನು ಈಗ ಯಾರೂ ತಟ್ಟುವಂತಿಲ್ಲ, ತಟ್ಟಲೂಬಾರದು. ಕಂಬ ಒಳಗೆ ಟೊಳ್ಳಿದೆಯೋ ಏನೋ ಎಂಬ ಬಹುಕಾಲದ ಗುಮಾನಿಗೆ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿತು: ಕಂಬಗಳು ಪೂರ್ತಿ ಗಟ್ಟಿಕಲ್ಲು. ತಟ್ಟಿದಾಗ ಕಂಬ ಬಿಲ್ಲಿನ ಹಾಗೆ ಬಾಗಿ ಮರಳುವುದರಿಂದಲೇ ಆ ನಾದ. ಪ್ರತಿಯೊಂದು ಕಂಬಕ್ಕೂ ಅದರ ಉದ್ದ, ದಪ್ಪ, ಕಲ್ಲಿನ ಗುಣಕ್ಕೆ ತಕ್ಕ ಸ್ವಂತ ಸ್ವರವಿದೆ. ಹೀಗೆ ತನ್ನದೇ ಸ್ವರಕ್ಕೆ ಮಿಡಿಯುವ ವಸ್ತುವನ್ನು ರೆಸೊನೇಟರ್ ಅನ್ನುತ್ತಾರೆ.

ನಾದ ಹುಟ್ಟಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಕಂಬದ ನಾದ ಬೇಗ ಆರುತ್ತದೆ, ಗುಡಿಯ ಕಂಚಿನ ಗಂಟೆಯದು ತಡವಾಗಿ. ನಮ್ಮ ಕಣಶಿಲೆಯಲ್ಲಿ ಫೆಲ್ಡ್‌ಸ್ಪಾರ್, ಬೆಣಚು, ಅಭ್ರಕ ಕಲಸಿಕೊಂಡಿವೆ. ಒಂದು ಕಣ ಇನ್ನೊಂದನ್ನು ಮುಟ್ಟುವ ಗಡಿಯಲ್ಲೆಲ್ಲ ಕಂಪನ ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಎಷ್ಟು ಶಕ್ತಿ ಕೂಡಿಟ್ಟಿದೆ, ಒಂದು ಮಿಡಿತಕ್ಕೆ ಎಷ್ಟು ಸೋರುತ್ತಿದೆ, ಈ ಎರಡರ ಲೆಕ್ಕದಿಂದ ಬರುವ ಅಂಕಿಗೆ ಎಂಜಿನಿಯರುಗಳು 'ಕ್ಯೂ' ಎಂಬ ಅಕ್ಷರ ಕೊಟ್ಟಿದ್ದಾರೆ. ಕ್ಯೂ ದೊಡ್ಡದಾದಷ್ಟೂ ನಾದ ದೀರ್ಘ.

ಶಬ್ದದ ಬದಲು ಮೈಕ್ರೋವೇವ್ ಅಲೆ, ಕಲ್ಲುಕಂಬದ ಬದಲು ಬಣ್ಣವಿಲ್ಲದ ನೀಲಮಣಿ ಎಂದುಕೊಳ್ಳಿ. ಬಣ್ಣವೇ ಇಲ್ಲದಿದ್ದರೆ ನೀಲಮಣಿ ಹೇಗೆ ಎಂದು ಕೇಳಬಹುದು, ಅದಕ್ಕೆ ಆಮೇಲೆ ಬರುತ್ತೇನೆ. ಐದು ಸೆಂಟಿಮೀಟರ್ ಅಡ್ಡಗಲದ ಉರುಳೆಯಾಕಾರದ ಹರಳು ಸಾಕು. ಅಲೆ ಅದರ ಒಳಮೈಗೆ ಒರಗಿಕೊಂಡು ಸುತ್ತುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಗೋಡೆಗುಂಟ ಹೋಗಿ ಎದುರು ಬದಿಯವರ ಕಿವಿಗೆ ಬೀಳುತ್ತದಲ್ಲ, ಅದೇ ರೀತಿ. ವಿಜ್ಞಾನಿಗಳೂ ಇದನ್ನು ಪಿಸುಮಾತಿನ ಮೊಗಸಾಲೆಯ ಹೆಸರಿನಿಂದಲೇ ಕರೆಯುತ್ತಾರೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಸಿ.ವಿ. ರಾಮನ್ 1921ರಲ್ಲಿ ಈ ಪಿಸುಮಾತನ್ನು ಅಳೆದಿದ್ದರು. ಮುಂದೆ ಬೆಂಗಳೂರಿನಲ್ಲಿ ನೆಲೆಸಿ ಹರಳುಗಳಿಗೇ ಮನಸ್ಸು ಕೊಟ್ಟವರು ಅವರು.

ಈ ಹರಳಿನಲ್ಲಿ ಸೆಕೆಂಡಿಗೆ ಸಾವಿರ ಕೋಟಿ ಸಲ ಮಿಡಿಯುವ ಅಲೆಯನ್ನು ಬಿಟ್ಟು ಸುಮ್ಮನಾದರೆ, ನಮ್ಮ ಕೋಣೆಯ ಉಷ್ಣತೆಯಲ್ಲಿ ಅದರ ಕ್ಯೂ ಸುಮಾರು ಎರಡು ಲಕ್ಷ. ಅಲೆ ಮುನ್ನೂರು ಮೀಟರು ಸುತ್ತುವಷ್ಟರಲ್ಲಿ ಸೊರಗುತ್ತದೆ, ಅಂದರೆ ಹಂಪಿಯ ರಥಬೀದಿಯ ಅರ್ಧವೂ ಆಗುವುದಿಲ್ಲ. ಅದೇ ಹರಳನ್ನು ದ್ರವ ಹೀಲಿಯಂನ ಚಳಿಗೆ, ಪರಮಶೂನ್ಯದಿಂದ ನಾಲ್ಕೈದು ಡಿಗ್ರಿ ಮೇಲಕ್ಕೆ, ಇಳಿಸಿದರೆ ಕ್ಯೂ ನೂರು ಕೋಟಿ ಮುಟ್ಟುತ್ತದೆ. ಆಗ ಅಲೆ ಸೊರಗುವ ಮುನ್ನ ಕ್ರಮಿಸುವ ದೂರ ಸುಮಾರು 1,500 ಕಿಲೋಮೀಟರ್. ಹೊಸಪೇಟೆಯಿಂದ ದಿಲ್ಲಿಗೆ ನೇರ ಗೆರೆ ಎಳೆದರೆ ಅಷ್ಟೇ. ಮುಷ್ಟಿಯಲ್ಲಿ ಹಿಡಿಯುವ ಒಂದು ಹರಳಿನೊಳಗೆ ಹತ್ತಿರ ಹತ್ತಿರ ಒಂದು ಕೋಟಿ ಪ್ರದಕ್ಷಿಣೆ! ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದ್ದೇನೆ, ಮೂರು ಸಲವೂ ಮೈ ಜುಮ್ಮೆಂದಿದೆ.

ಚಳಿಯಲ್ಲಿ ನಷ್ಟ ಇಳಿಯಲು ಕಾರಣ ಸರಳ. ಬೆಚ್ಚಗಿರುವ ಹರಳಿನ ಪರಮಾಣುಗಳು ನಿಂತಲ್ಲೇ ನಡುಗುತ್ತಿರುತ್ತವೆ, ಆ ನಡುಕ ಅಲೆಯ ಶಕ್ತಿಯನ್ನು ಕದಿಯುತ್ತದೆ. ಮಾಸ್ಕೋದ ವ್ಲಾದಿಮಿರ್ ಬ್ರಾಗಿನ್ಸ್ಕಿ ಮತ್ತು ಸಂಗಡಿಗರು 1987ರಲ್ಲಿ ಇದನ್ನು ಅಳೆದು ತೋರಿಸಿದರು. ನೀಲಮಣಿಯಲ್ಲಿ ಉಷ್ಣತೆ ಅರ್ಧಕ್ಕಿಳಿದರೆ ನಷ್ಟ ಸುಮಾರು ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ ತಣಿಸುತ್ತಾ ಹೋದಂತೆ ನಷ್ಟ ಸೊನ್ನೆಯಾಗಬೇಕಲ್ಲ? ಆಗುವುದಿಲ್ಲ. ಒಂದು ಹಂತದಲ್ಲಿ ಇಳಿತ ನಿಂತುಬಿಡುತ್ತದೆ. ನಿಜವಾದ ಕಥೆ ಶುರುವಾಗುವುದು ಅಲ್ಲಿಂದ.

ತುಂಗಭದ್ರಾ ಜಲಾಶಯದ ದಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಣೆಕಟ್ಟಿನ ನೀರು ಹೋಗುವ ದಾರಿಗಳು ಹಲವು: 33 ಕ್ರಸ್ಟ್ ಗೇಟುಗಳು, ಕಾಲುವೆಗಳು, ತಳದ ಇಂಗುವಿಕೆ, ಬಿಸಿಲಿಗೆ ಆವಿಯಾಗುವುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಆವಿಯಾಗುವ ನೀರಿನ ಬಗ್ಗೆ ಯಾರಾದರೂ ಯೋಚಿಸಿದೆವೇ? ಅಂದು ಇಡೀ ಊರಿನ ಕಣ್ಣು ಆ ಒಂದು ಕಂಡಿಯ ಮೇಲಿತ್ತು. ಗೇಟುಗಳೆಲ್ಲ ಮುಚ್ಚಿ, ಕಾಲುವೆಯೂ ನಿಂತ ಕಡುಬೇಸಿಗೆಯಲ್ಲಿ ಮಾತ್ರ ಬಿಸಿಲು ಕುಡಿಯುವ ನೀರು ಲೆಕ್ಕಕ್ಕೆ ಬರುತ್ತದೆ. ರೆಸೊನೇಟರಿನಲ್ಲೂ ನಷ್ಟಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಎಲ್ಲಕ್ಕಿಂತ ದೊಡ್ಡದು ಉಳಿದವನ್ನು ಮರೆಮಾಡುತ್ತದೆ. ತಾಮ್ರದ ತಂತಿ, ತಾಮ್ರದ ಗೋಡೆ ಇರುವಷ್ಟು ದಿನ ಲೋಹದ ತಡೆಯೇ ದೊಡ್ಡ ಕಂಡಿ. 1911ರಲ್ಲಿ ಲೈಡನ್ನಿನ ಕಾಮರ್ಲಿಂಗ್ ಓನ್ಸ್ ಕಂಡುಕೊಂಡ ಅತಿವಾಹಕತೆ ಆ ಗೇಟನ್ನು ಹೆಚ್ಚುಕಡಿಮೆ ಮುಚ್ಚಿತು. ನಯೋಬಿಯಂ 9 ಕೆಲ್ವಿನ್ ಆಸುಪಾಸಿನಲ್ಲಿ, ಅಲ್ಯೂಮಿನಿಯಂ 1.2 ಕೆಲ್ವಿನ್‌ನಲ್ಲಿ ವಿದ್ಯುತ್ತಿಗೆ ತಡೆ ಒಡ್ಡುವುದನ್ನೇ ಬಿಡುತ್ತವೆ. ಚಳಿ ಪರಮಾಣುಗಳ ನಡುಕದ ಗೇಟನ್ನೂ ಮುಚ್ಚಿತು. ಆಗ ಕಾಣಿಸಿಕೊಂಡದ್ದು ಹರಳಿನೊಳಗಿನ ಕಲಬೆರಕೆ.

ಈಗ ಬಣ್ಣದ ಮಾತು. ಹದಿನೈದನೇ ಶತಮಾನದಲ್ಲಿ ಬಂದ ಅಬ್ದುಲ್ ರಜಾಕ್, ಹದಿನಾರನೆಯದರಲ್ಲಿ ಬಂದ ಡೊಮಿಂಗೊ ಪಯಸ್ ಇಬ್ಬರೂ ವಿಜಯನಗರದ ಬಜಾರಿನಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾರೆ. ಮಾಣಿಕ್ಯವನ್ನು ನಾವು 'ಕೆಂಪು' ಎಂದೇ ಕರೆಯುತ್ತೇವೆ, ಕಿವಿಯೋಲೆಗೆ ಕೆಂಪು ಕೂರಿಸುತ್ತೇವೆ. ಮಾಣಿಕ್ಯ, ನೀಲ ಎರಡೂ ಮೂಲದಲ್ಲಿ ಒಂದೇ ವಸ್ತು: ಅಲ್ಯೂಮಿನಿಯಂ ಆಕ್ಸೈಡ್, ಕುರುವಿಂದ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ, ತಿಳಿನೀರಿನ ಹಾಗಿರುತ್ತದೆ. ಕೆಲವು ಅಲ್ಯೂಮಿನಿಯಂ ಪರಮಾಣುಗಳ ಜಾಗದಲ್ಲಿ ಕ್ರೋಮಿಯಂ ಕೂತರೆ ಅದು ಬೆಳಕಿನ ಹಸಿರು, ನೀಲಿಯನ್ನು ನುಂಗಿ ಕೆಂಪನ್ನು ಬಿಡುತ್ತದೆ. ಕಬ್ಬಿಣವೂ ಟೈಟಾನಿಯಂ ಕೂಡ ಜೋಡಿಯಾಗಿ ಕೂತರೆ ನೀಲಿ. ಬಣ್ಣವೆಂದರೆ ಬೆಳಕಿನ ನಷ್ಟ. ಹಂಪಿಯ ಬಜಾರಿನಲ್ಲಿ ಅಕ್ಕಸಾಲಿಗರು ಯಾವ ನಷ್ಟಕ್ಕೆ ಹೊನ್ನು ಸುರಿಯುತ್ತಿದ್ದರೋ ಅದನ್ನು ಓಡಿಸುವುದೇ ಮೈಕ್ರೋವೇವ್ ಹರಳಿನವರ ಕಸುಬು.

ಸಂಡೂರು ಬರುವುದು ಇಲ್ಲಿ. ದೋಣಿಮಲೈಯಿಂದ ವ್ಯಾಗನ್‌ಗಟ್ಟಲೆ ಹೋಗುವ ಅದಿರು ಹೆಮಟೈಟ್: ಎರಡು ಪಾಲು ಕಬ್ಬಿಣಕ್ಕೆ ಮೂರು ಪಾಲು ಆಮ್ಲಜನಕ. ನೀಲಮಣಿ: ಎರಡು ಪಾಲು ಅಲ್ಯೂಮಿನಿಯಂಗೆ ಮೂರು ಪಾಲು ಆಮ್ಲಜನಕ. ಪರಮಾಣುಗಳನ್ನು ಜೋಡಿಸಿದ ಅಚ್ಚು ಎರಡಕ್ಕೂ ಒಂದೇ. ಹರಳುಶಾಸ್ತ್ರದಲ್ಲಿ ಇವು ಒಡಹುಟ್ಟಿದವು. ಹಾಗಾಗಿಯೇ ಕಬ್ಬಿಣದ ಪರಮಾಣು ನೀಲಮಣಿಯ ಮನೆಗೆ ನೆಂಟನಂತೆ ಬಂದು, ಅಲ್ಯೂಮಿನಿಯಂ ಕೂರುವ ಮಣೆಯ ಮೇಲೆ ಕೂತುಬಿಡುತ್ತದೆ. ಕೂತದ್ದು ಸುಮ್ಮನಿರುವುದಿಲ್ಲ. ಕಬ್ಬಿಣದ ಅಯಾನು ಒಂದು ಸಣ್ಣ ಅಯಸ್ಕಾಂತ. ಸೆಕೆಂಡಿಗೆ ಸುಮಾರು 1,200 ಕೋಟಿ ಸಲ ಮಿಡಿಯುವ ಅಲೆ ಬಂದರೆ ಅದನ್ನು ನುಂಗಿ ಮಗ್ಗಲು ಬದಲಿಸುತ್ತದೆ. ಕ್ರೋಮಿಯಂನ ಇಷ್ಟದ ಸ್ವರ ಅದಕ್ಕಿಂತ ತುಸು ಕೆಳಗೆ. ಹತ್ತು ಲಕ್ಷ ಪರಮಾಣುಗಳಲ್ಲಿ ಒಂದಕ್ಕಿಂತ ಕಡಿಮೆ ಕಬ್ಬಿಣವಿದ್ದರೂ ಸಾಕು, ಚಳಿಯಲ್ಲಿ ಅಳೆಯುವವರಿಗೆ ಅದರ ಸದ್ದು ಕೇಳುತ್ತದೆ. ನಮ್ಮಲ್ಲಿ ಲಾರಿಯ ಹಿಂದೆ ಸೈಕಲ್ ಹೊಡೆದ ಹುಡುಗನ ಅಂಗಿಗೆ ಅಂಟಿದ ಧೂಳಿನಲ್ಲಿ ಇರುವ ಕಬ್ಬಿಣ, ಅಂಥ ಎಷ್ಟೋ ಹರಳುಗಳನ್ನು ಕೆಡಿಸಲು ಸಾಕಾದೀತು.

ಹಾಗೆಂದು ಕಬ್ಬಿಣವನ್ನು ಬರೀ ಕಳ್ಳ ಎನ್ನಲಾರೆ. ಫ್ರಾನ್ಸಿನ ಬೆಸಾನ್ಸಾಂನ ಸಂಶೋಧಕರು 2005ರಲ್ಲಿ ಇದೇ ಕಬ್ಬಿಣದ ಅಯಾನುಗಳಿಂದಲೇ ನೀಲಮಣಿಯೊಳಗೆ ಮೇಸರ್ ಹೊತ್ತಿಸಿದರು. ನುಂಗುತ್ತಿದ್ದದ್ದು ಅಲೆಯನ್ನು ಹೊರಸೂಸುವಂತಾಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೆಳೆದ ನೀಲಮಣಿ ಗಡಿಯಾರಗಳ ಕಥೆಯೂ ಹಾಗೆಯೇ. ಉಷ್ಣತೆ ತುಸು ಏರಿಳಿದರೂ ಹರಳಿನ ಸ್ವರ ಕದಲುತ್ತದೆ. ಕಲಬೆರಕೆಯ ಅಯಾನುಗಳು ಅದನ್ನು ಎದುರು ದಿಕ್ಕಿಗೆ ಎಳೆಯುತ್ತವೆ. 6 ಕೆಲ್ವಿನ್ ಸುಮಾರಿಗೆ ಎರಡೂ ಎಳೆತ ಸರಿಸಮವಾಗಿ ಸ್ವರ ಅಲ್ಲಾಡದೆ ನಿಲ್ಲುತ್ತದೆ. ಹತ್ತು ಕೋಟಿ ಕೋಟಿ ಮಿಡಿತಕ್ಕೆ ಒಂದು ಮಿಡಿತದಷ್ಟೂ ತಪ್ಪದ ಗಡಿಯಾರ ಅದರಿಂದ ಸಾಧ್ಯವಾಯಿತು.

ಕ್ವಾಂಟಂ ಕಂಪ್ಯೂಟರಿನವರ ತೊಂದರೆ ಇನ್ನೂ ಸೂಕ್ಷ್ಮ. ಅವರ ಚಿಪ್ಪಿನಲ್ಲಿ ನೀಲಮಣಿಯ ಅಥವಾ ಸಿಲಿಕಾನಿನ ಬಿಲ್ಲೆಯ ಮೇಲೆ ಅತಿವಾಹಕ ಲೋಹದ ತೆಳುಪದರವಿರುತ್ತದೆ. ಅದರಲ್ಲಿ ಒಂದೇ ಒಂದು ಮೈಕ್ರೋವೇವ್ ಕಣವನ್ನು ಕಾಪಾಡಿಕೊಳ್ಳಬೇಕು. ಅಲ್ಯೂಮಿನಿಯಂ ಗಾಳಿಗೆ ಸೋಕಿದರೆ ಸಾಕು, ಮೈಮೇಲೆ ಕೆಲವೇ ಪರಮಾಣುಗಳ ದಪ್ಪದ ಆಕ್ಸೈಡ್ ಪೊರೆ ಹುಟ್ಟುತ್ತದೆ. ಅದೂ ಅಲ್ಯೂಮಿನಿಯಂ ಆಕ್ಸೈಡೇ, ನೀಲಮಣಿಯೂ ಅಲ್ಯೂಮಿನಿಯಂ ಆಕ್ಸೈಡೇ. ಆದರೆ ಪೊರೆಯ ನಷ್ಟ ಸಾವಿರದಲ್ಲಿ ಒಂದೆರಡು ಪಾಲು, ಒಳ್ಳೆಯ ನೀಲಮಣಿಯದು ಕೋಟಿಯಲ್ಲಿ ಒಂದು ಪಾಲಿಗೂ ಕಡಿಮೆ. ಒಂದೇ ವಸ್ತು, ಹತ್ತು ಸಾವಿರ ಪಟ್ಟಿಗೂ ಮೀರಿದ ಅಂತರ. ನೀಲಮಣಿಯಲ್ಲಿ ಪರಮಾಣುಗಳು ಸಾಲು ತಪ್ಪದೆ ಕೂತಿವೆ, ಪೊರೆಯಲ್ಲಿ ಸಿಕ್ಕಲ್ಲಿ ಸಿಕ್ಕ ಹಾಗೆ.

ಹೇಮಕೂಟದ ಮೇಲೋ ಆನೆಗೊಂದಿಯ ದಾರಿಯಲ್ಲೋ ಬಂಡೆ ಹತ್ತಿದವರಿಗೆ ಗೊತ್ತು. ಕೆಲವು ಕಲ್ಲುಗಳ ಮೇಲೆ ಕಾಲಿಟ್ಟರೆ 'ಟಕ್' ಎಂದು ಆ ಕಡೆ ವಾಲುತ್ತವೆ, ಕಾಲೆತ್ತಿದರೆ ಈ ಕಡೆ. ಅವಕ್ಕೆ ಕೂರಲು ಎರಡು ನೆಲೆಗಳಿವೆ. ಸಾಲುತಪ್ಪಿದ ಆಕ್ಸೈಡಿನಲ್ಲಿ ಕೆಲವು ಪರಮಾಣುಗಳೂ ಹಾಗೆಯೇ, ಎರಡು ನೆಲೆಗಳ ನಡುವೆ ಅಲುಗುತ್ತವೆ. ಗಾಜಿನಂಥ ವಸ್ತುಗಳಲ್ಲಿ ಇಂಥವು ಇರಲೇಬೇಕೆಂದು 1972ರಲ್ಲಿ ಆಂಡರ್ಸನ್, ಹಾಲ್ಪೆರಿನ್, ವರ್ಮಾ ಒಂದು ಕಡೆ, ಫಿಲಿಪ್ಸ್ ಇನ್ನೊಂದು ಕಡೆ ಹೇಳಿದರು. ಕ್ವಾಂಟಂ ಕಂಪ್ಯೂಟರಿನ ಲೆಕ್ಕದ ಬಿಡಿಘಟಕಗಳಾದ ಕ್ಯೂಬಿಟ್ಟುಗಳ ಆಯಸ್ಸನ್ನು ತಿನ್ನುತ್ತಿರುವುದು ಇವೇ ಎಂದು 2005ರಲ್ಲಿ ಜಾನ್ ಮಾರ್ಟಿನಿಸ್ ಗುಂಪು ತೋರಿಸಿತು. 2025ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಮೂವರಲ್ಲಿ ಮಾರ್ಟಿನಿಸ್ ಒಬ್ಬರು, ಅದು ಅವರ ಇನ್ನೂ ಹಳೆಯ ಪ್ರಯೋಗಕ್ಕೆ ಬಂದದ್ದು.

ಈ ಎರಡು ನೆಲೆಯ ಪರಮಾಣುಗಳ ಮುಂದೆ ಚಳಿಯ ಹಳೆಯ ನಿಯಮ ತಿರುವುಮುರುವಾಗುತ್ತದೆ. ಅಲೆ ಜೋರಾಗಿದ್ದರೆ, ಇಲ್ಲವೇ ಹರಳು ಒಂದಿಷ್ಟು ಬೆಚ್ಚಗಿದ್ದರೆ, ಇವು ಆಗಲೇ ಹೊಟ್ಟೆ ತುಂಬಿದವು, ಹೊಸದಾಗಿ ನುಂಗಲು ಜಾಗವಿಲ್ಲ. ಒಂದು ಕೆಲ್ವಿನ್ನಿನ ಹತ್ತನೇ ಒಂದು ಭಾಗಕ್ಕೂ ಕೆಳಗೆ ಇಳಿಸಿ ಒಂದೇ ಒಂದು ಕಣದ ಪಿಸುಮಾತು ಬಿಟ್ಟರೆ, ಪ್ರತಿಯೊಂದೂ ಹಸಿದು ಬಾಯ್ದೆರೆದು ಕೂತಿರುತ್ತದೆ. ಚಳಿ ಹೆಚ್ಚಿದಷ್ಟೂ ಇವುಗಳಿಂದ ನಷ್ಟ ಹೆಚ್ಚು. ಆದರೆ ಕ್ವಾಂಟಂ ಚಿಪ್ ಕೆಲಸ ಮಾಡಬೇಕಾದದ್ದು ಅದೇ ಚಳಿಯಲ್ಲಿ, ಅದೇ ಪಿಸುಮಾತಿನಲ್ಲಿ.

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. 1987ರಲ್ಲಿ 90 ಕೆಲ್ವಿನ್ ಮೀರಿ ಅತಿವಾಹಕವಾಗುವ ಆಕ್ಸೈಡ್ ಜಗತ್ತಿನಲ್ಲಿ ಸದ್ದು ಮಾಡಿದಾಗ ಅದನ್ನು ಮೊದಮೊದಲಿಗೆ ತಯಾರಿಸಿ ಅರ್ಥಮಾಡಿಕೊಂಡವರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಗುಂಪೂ ಇತ್ತು. ಆ ಆಕ್ಸೈಡನ್ನು ಮೈಕ್ರೋವೇವ್‌ಗೆ ಬಳಸಲು ಹೊರಟವರಿಗೂ ತಳದ ಹರಳೇ ತಲೆನೋವಾಯಿತು. ಸ್ಟ್ರಾನ್ಶಿಯಂ ಟೈಟನೇಟ್ ಪದರ ಬೆಳೆಸಲು ಬಲು ಚೆನ್ನ, ಅಲೆಗೆ ಬಲು ಕೆಟ್ಟದ್ದು. ಹಾಗಾಗಿ ಲ್ಯಾಂಥನಂ ಅಲ್ಯುಮಿನೇಟ್, ಮೆಗ್ನೀಸಿಯಂ ಆಕ್ಸೈಡ್‌ಗಳತ್ತ ಹೊರಳಬೇಕಾಯಿತು. ಇಂದು ಐಐಎಸ್‌ಸಿಯಲ್ಲಿ ಅತಿವಾಹಕ ಕ್ಯೂಬಿಟ್ಟುಗಳ ಪ್ರಯೋಗಾಲಯವಿದೆ. ಬೆಂಗಳೂರಿನ ಕ್ಯೂಪೈ ಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್ಟಿನ ಯಂತ್ರವನ್ನು ಪ್ರಕಟಿಸಿತು. ಕೇಂದ್ರದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2023ರಲ್ಲಿ 6,003.65 ಕೋಟಿ ರೂಪಾಯಿ ಮಂಜೂರಾಗಿದೆ. ಸುದ್ದಿಯಲ್ಲಿ ಬರುವುದು ಕ್ಯೂಬಿಟ್ಟುಗಳ ಎಣಿಕೆ. ಆ ಕ್ಯೂಬಿಟ್ಟು ಎಷ್ಟು ಹೊತ್ತು ಬದುಕುತ್ತದೆ ಎಂಬುದನ್ನು ತೀರ್ಮಾನಿಸುವುದು ತಳದ ಹರಳು, ಮೇಲಿನ ಪೊರೆ. ಪ್ರಿನ್ಸ್‌ಟನ್ನಿನವರು 2021ರಲ್ಲಿ ನೀಲಮಣಿಯ ಮೇಲೆ ಟ್ಯಾಂಟಲಂ ಪದರ ಹಾಕಿ ಸೆಕೆಂಡಿನ ಹತ್ತು ಸಾವಿರದಲ್ಲಿ ಮೂರು ಭಾಗ ಕಾಲ ಕ್ಯೂಬಿಟ್ಟನ್ನು ಉಳಿಸಿಕೊಂಡದ್ದು ಇಂಥ ವಸ್ತುಗಳ ಶುದ್ಧಿಯಿಂದ. ಹೊಸ ಸೂತ್ರವೇನೂ ಬೇಕಾಗಲಿಲ್ಲ. ನಮ್ಮ ಹಣದಲ್ಲೂ ಹರಳು ಬೆಳೆಸುವ ಕುಲುಮೆಗೆ, ಅದರ ಮುಂದೆ ದಿನಗಟ್ಟಲೆ ಕಾಯುವ ತಾಳ್ಮೆಯ ಮಂದಿಗೆ ದೊಡ್ಡ ಪಾಲು ಸಿಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಕಚ್ಚಾ ಸಾಮಗ್ರಿಗೆ ನಾವು ಪರದೇಶಕ್ಕೆ ಹೋಗಬೇಕಿಲ್ಲ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ದಶಕಗಳಿಂದ ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆಯುತ್ತಿದ್ದಾರೆ. ಬಾಕ್ಸೈಟನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದಾಗ ಅಲ್ಯೂಮಿನಾ ಕರಗುತ್ತದೆ, ಕಬ್ಬಿಣ ಕರಗದೆ ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಆ ಕೆಸರಿನ ಬಣ್ಣ ನಮ್ಮ ಸಂಡೂರಿನ ಮಣ್ಣಿನದೇ. ಕಬ್ಬಿಣವನ್ನು ಹೊರಹಾಕುವ ದಾರಿಯಲ್ಲಿ ಇದು ಮೊದಲ ಮೆಟ್ಟಿಲು ಅಷ್ಟೇ, ಹರಳಿಗೆ ಬೇಕಾದ ಶುದ್ಧಿಗೆ ಇನ್ನೂ ಹಲವು ಮೆಟ್ಟಿಲುಗಳಿವೆ. ಕೊನೆಗೆ 2,050 ಡಿಗ್ರಿಯಷ್ಟು ಕಾವಿನಲ್ಲಿ ಕರಗಿಸಿ, ತಳದಲ್ಲಿ ಬೀಜಹರಳು ಇಟ್ಟು, ಅದರ ಅಡಿಗೆ ಹೀಲಿಯಂ ಅನಿಲ ಹಾಯಿಸಿ, ದಿನಗಟ್ಟಲೆ ನಿಧಾನವಾಗಿ ತಣಿಸಬೇಕು. ಅಚ್ಚಿನ ಮೂಲಕ ಹಲಗೆಯಂತೆ ಸರಸರ ಎಳೆಯುವ ಅಗ್ಗದ ವಿಧಾನವೂ ಇದೆ.

ಈ ಎರಡು ವಿಧಾನಗಳ ನಡುವೆ ವ್ಯತ್ಯಾಸ ಎಷ್ಟೆಂದು ತಿಳಿಯಲು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮಾಡಿದ್ದು, 2023ರಲ್ಲಿ ಪ್ರಕಟಿಸಿದ್ದು, ಕಂಪ್ಲಿಯ ಗುಮಾಸ್ತ ಹುಡುಗ ಮಾಡಿದ ಕೆಲಸವನ್ನೇ. ಅತಿವಾಹಕ ಲೋಹದ ಒಂದು ಡಬ್ಬಿ ಮಾಡಿ, ಅದನ್ನು ಪರಮಶೂನ್ಯದ ಅಂಚಿಗೆ ತಣಿಸಿ, ನೀಲಮಣಿಯ ಕಡ್ಡಿಯನ್ನು ಅದರೊಳಗೆ ಅದ್ದಿ, ಡಬ್ಬಿಯ ನಾದ ಎಷ್ಟು ಬೇಗ ಆರುತ್ತದೆ ಎಂದು ನೋಡಿದರು. ಸರಸರ ಎಳೆದ ಹರಳು ನೂರು ಕೋಟಿಯಲ್ಲಿ 63 ಪಾಲು ನುಂಗಿತು. ದಿನಗಟ್ಟಲೆ ಕಾದು ಬೆಳೆಸಿದ್ದು 19 ಪಾಲು.